ಗೇಮಿನ ಕಾರು, ನಿಜವಾದ ಕಾರು: ಎಲ್ಲಿ ಒಂದಾಗುತ್ತವೆ, ಎಲ್ಲಿ ಬೇರೆಯಾಗುತ್ತವೆ

ಸ್ಪೋರ್ಟ್ಸ್ ಕಾರಿನ ಹುಚ್ಚಿರುವವರೂ ವಿಡಿಯೋ ಗೇಮಿನ ಹುಚ್ಚಿರುವವರೂ ಒಂದೇ ಕಡೆ ಸೇರಿದರೆ ಒಂದು ಜಗಳ ಗ್ಯಾರಂಟಿ. "ಸೋಫಾ ಮೇಲೆ ಕೂತು ಓಡಿಸೋದೂ ಒಂದು ಓಡಿಸೋದಾ?" ಅಂತ ಕಾರಿನವರು. "ಅದೇ ಕಾರು, ಅದೇ ಟ್ರ್ಯಾಕು, ಅದೇ ಫಿಸಿಕ್ಸು, ಇನ್ನೇನು ಬೇಕು?" ಅಂತ ಗೇಮಿನವರು. ಎರಡೂ ಹುಚ್ಚು ಒಟ್ಟಿಗೇ ಹಿಡಿದಿರುವ ನನ್ನಂಥವರು ಮಧ್ಯೆ ಕೂತು ಇಬ್ಬರಿಂದಲೂ ಬೈಸಿಕೊಳ್ಳಬೇಕು. ನನ್ನ ಪ್ರಕಾರ ಇಬ್ಬರ ಮಾತೂ ಅರ್ಧ ಸರಿ. ಯಾವ ಅರ್ಧ ಅನ್ನೋದು ಗೊತ್ತಾಗಬೇಕಾದರೆ ಎಂಜಿನ್ನಿನಿಂದ ಶುರು ಮಾಡಿ ಪ್ರಯೋಜನವಿಲ್ಲ. ಟೈರಿನಿಂದ ಶುರು ಮಾಡಬೇಕು.

ನಾಲ್ಕು ಅಂಗೈ ಅಗಲದ ಜಾಗ

ಕಾರಿನ ಶಕ್ತಿ 100 ಹಾರ್ಸ್‌ಪವರ್ ಇರಲಿ, 700 ಇರಲಿ, ನೆಲಕ್ಕೆ ತಾಗುವುದು ನಾಲ್ಕು ತುಂಡು ರಬ್ಬರು ಮಾತ್ರ. ಒಂದೊಂದೂ ಹೆಚ್ಚುಕಡಿಮೆ ಅಂಗೈ ಅಗಲ. ವೇಗ ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು, ಎಲ್ಲಾ ಕೆಲಸವೂ ಅಷ್ಟು ಜಾಗದಿಂದಲೇ ಆಗಬೇಕು.

ಟೈರಿನ ಹಿಡಿತವನ್ನು ತಿಂಗಳ ಸಂಬಳ ಅಂದುಕೊಳ್ಳಿ. ಪೂರ್ತಿ ಬ್ರೇಕಿಗೇ ಖರ್ಚು ಮಾಡಿದರೆ ತಿರುಗಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತದೆ. ಆದರೆ ಈ ಸಂಬಳಕ್ಕೆ ಒಂದು ವಿಚಿತ್ರ ಗುಣ ಇದೆ. ಬ್ರೇಕಿಗೆ ಶೇಕಡಾ 70 ಹೋದರೆ ತಿರುವಿಗೆ 30 ಉಳಿಯಬೇಕು ಅಲ್ವಾ? ಇಲ್ಲ, ಸುಮಾರು 71 ಉಳಿಯುತ್ತದೆ. ಬ್ರೇಕಿನ ಬಲ ಹಿಂದಕ್ಕೆ, ತಿರುವಿನ ಬಲ ಪಕ್ಕಕ್ಕೆ. ಎರಡೂ ಒಂದಕ್ಕೊಂದು ಅಡ್ಡವಾಗಿರುವುದರಿಂದ ಇಲ್ಲಿ ಕೂಡಿ ಕಳೆಯುವ ಲೆಕ್ಕ ನಡೆಯುವುದಿಲ್ಲ, ಪೈಥಾಗೊರಸನ ಲೆಕ್ಕ ನಡೆಯುತ್ತದೆ. ಎಂಜಿನಿಯರುಗಳು ಇದನ್ನು ಒಂದು ವೃತ್ತವಾಗಿ ಬರೆಯುತ್ತಾರೆ. ರೇಸ್ ಡ್ರೈವರುಗಳು ನೇರ ರಸ್ತೆಯಲ್ಲೇ ಬ್ರೇಕ್ ಮುಗಿಸದೆ, ತಿರುವಿನೊಳಗೆ ಹೋಗುತ್ತಾ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರಲ್ಲ, ಅದು ಈ ವೃತ್ತದ ಅಂಚಿನಲ್ಲೇ ಉಳಿಯುವ ಕಸರತ್ತು. ಟ್ರೈಲ್ ಬ್ರೇಕಿಂಗ್ ಅಂತ ಅದರ ಹೆಸರು.

ಇನ್ನು ಭಾರದ ವಿಷಯ. 1,400 ಕೆಜಿಯ ಒಂದು ಕಾರು ತಗೊಳ್ಳಿ. ಮುಂದೆ 700, ಹಿಂದೆ 700 ಅಂತ ಭಾರ ಸಮನಾಗಿ ಹಂಚಿದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.5 ಮೀಟರ್ ದೂರ. ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ. ಬ್ರೇಕನ್ನು ಬಲವಾಗಿ ಒತ್ತಿದಿರಿ, ಕಾರು 1 ಜಿ ಬಲದಲ್ಲಿ, ಅಂದರೆ ತನ್ನ ತೂಕದಷ್ಟೇ ಬಲದಲ್ಲಿ, ನಿಧಾನವಾಗುತ್ತಿದೆ. ಆಗ ಹಿಂದಿನಿಂದ ಮುಂದಕ್ಕೆ ಸರಿಯುವ ಭಾರ 1,400 × 0.5 ÷ 2.5, ಅಂದರೆ 280 ಕೆಜಿ. ಈಗ ಮುಂದೆ 980, ಹಿಂದೆ ಬರೀ 420. ಕಾರಿನೊಳಗೆ ಯಾವ ವಸ್ತುವೂ ಜಾಗ ಬಿಟ್ಟಿಲ್ಲ. ಆದರೂ ಮುಂದಿನ ಟೈರು ನೆಲಕ್ಕೆ ಅಂಟಿದೆ, ಹಿಂದಿನದು ಹಗುರಾಗಿದೆ. ಈ ಹೊತ್ತಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಮೂತಿ ಚುರುಕಾಗಿ ಒಳಗೆ ಹೋಗುತ್ತದೆ, ಬಾಲ ಹೊರಗೆ ಬರಲು ನೋಡುತ್ತದೆ.

ಇದರ ಅತಿರೇಕ ನೋಡಬೇಕಾದರೆ ಹಳೆಯ ಪೋರ್ಷೆ 911 ನೋಡಬೇಕು. ಅದರ ಎಂಜಿನ್ನು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂತಿದೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಿದರೆ ಭಾರ ಮುಂದಕ್ಕೆ ಸರಿಯುತ್ತದೆ. ಹಿಂದಿನ ಟೈರು ಹಿಡಿತ ಬಿಡುತ್ತದೆ. ಹಿಂದೆ ಇರುವ ಆ ಎಂಜಿನ್ನಿನ ತೂಕ ಇಡೀ ಕಾರನ್ನೇ ತಿರುಗಿಸಿಬಿಡುತ್ತದೆ. ಹೆದರಿದಾಗ ಕಾಲೆತ್ತುವುದು ಮನುಷ್ಯನ ಸ್ವಭಾವ. ಆ ಕಾರಿನಲ್ಲಿ ಅದೇ ಮುಳುವು. ಒಳ್ಳೆಯ ಸಿಮ್ಯುಲೇಟರ್ ಗೇಮಿನಲ್ಲಿ ಇದನ್ನು ಒಂದೇ ಸಂಜೆಯಲ್ಲಿ ಬೇಕಾದಷ್ಟು ಸಲ ಮಾಡಿ ನೋಡಬಹುದು, ರಿಪೇರಿ ಬಿಲ್ಲಿಲ್ಲದೆ.

ಟೈರಿನ ಬಗ್ಗೆ ಇನ್ನೊಂದು ಸಂಗತಿ ಹೇಳಿದರೆ ಅಡಿಪಾಯ ಮುಗಿಯಿತು. ತಿರುವಿನಲ್ಲಿ ಟೈರು ಮುಖ ಮಾಡಿದ ದಿಕ್ಕಿಗೇ ಸರಿಯಾಗಿ ಹೋಗುವುದಿಲ್ಲ, ಸ್ವಲ್ಪ ಓರೆಯಾಗಿ ಹೋಗುತ್ತದೆ. ರಬ್ಬರು ತಿರುಚಿಕೊಳ್ಳುತ್ತದೆ, ಆ ತಿರುಚಿನಿಂದಲೇ ಪಕ್ಕದ ಬಲ ಹುಟ್ಟುತ್ತದೆ. ಈ ಓರೆಯ ಹೆಸರು ಸ್ಲಿಪ್ ಆ್ಯಂಗಲ್. ಅದು ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಒಂದು ಮಟ್ಟದವರೆಗೆ ಮಾತ್ರ. ಸಾಮಾನ್ಯ ರಸ್ತೆ ಟೈರಿಗೆ ಆ ಮಟ್ಟ ಸುಮಾರು 6ರಿಂದ 10 ಡಿಗ್ರಿ. ಅದನ್ನು ದಾಟಿದರೆ ಹಿಡಿತ ಇಳಿಯಲು ಶುರು. ಅಂದರೆ ಅತಿ ಹೆಚ್ಚು ಹಿಡಿತ ಸಿಗುವುದು ಟೈರು ಸ್ವಲ್ಪ ಜಾರುತ್ತಿರುವಾಗಲೇ. ಸ್ಪೋರ್ಟ್ಸ್ ಕಾರಿನ ಮಜಾ ಪೂರ್ತಿ ಇರುವುದು ಈ ತುದಿಯ ಆಸುಪಾಸಿನಲ್ಲಿ. ಒಳ್ಳೆಯ ರೇಸಿಂಗ್ ಗೇಮಿನ ಮಜಾವೂ ಅಲ್ಲೇ ಇದೆ. ಎರಡೂ ಹುಚ್ಚು ಒಬ್ಬರಿಗೇ ಹಿಡಿಯುವುದು ಕಾಕತಾಳೀಯ ಅಲ್ಲ.

ಕಂಪ್ಯೂಟರು ಮಾಡುವ ಕೆಲಸ

ಮೊದಮೊದಲ ರೇಸಿಂಗ್ ಗೇಮುಗಳಲ್ಲಿ ಟೈರು ಅನ್ನೋದೇ ಇರಲಿಲ್ಲ. 1982ರ ಪೋಲ್ ಪೊಸಿಷನ್, 1986ರ ಔಟ್‌ರನ್ ಇವುಗಳಲ್ಲಿ ರಸ್ತೆ ನಿಮ್ಮ ಕಡೆಗೆ ಉರುಳಿ ಬರುತ್ತಿತ್ತು, ಕಾರು ಎಡಬಲ ಸರಿಯುತ್ತಿತ್ತು, ಅಷ್ಟೇ. ಮಜಾ ಮಾತ್ರ ಕಡಿಮೆ ಇರಲಿಲ್ಲ. ಔಟ್‌ರನ್‌ನ ಕೆಂಪು ಕಾರನ್ನು ನೋಡಿದವರು ಯಾರೂ ಅದು ಫೆರಾರಿ ಟೆಸ್ಟರೋಸಾ ಅಲ್ಲ ಅನ್ನುವುದಿಲ್ಲ. ಆದರೆ ಫೆರಾರಿಯ ಲೈಸೆನ್ಸು ಆಗ ಇರಲಿಲ್ಲ. ಲೈಸೆನ್ಸಿನ ಕಥೆಗೆ ಆಮೇಲೆ ಬರುತ್ತೇನೆ.

ನಿಜವಾದ ಲೆಕ್ಕಾಚಾರಕ್ಕೆ ಬೇಕಾದ ಸಾಮಗ್ರಿ ಬಂದದ್ದು ಗೇಮಿನವರಿಂದಲ್ಲ, ಟೈರು ಸಂಶೋಧಕರಿಂದ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಾಸೆಯ್ಕಾ ಮತ್ತು ಜೊತೆಗಾರರು 1980ರ ದಶಕದ ಕೊನೆಯಲ್ಲಿ ಒಂದು ಸೂತ್ರ ಕೊಟ್ಟರು. ಸ್ಲಿಪ್ ಆ್ಯಂಗಲ್ ಇಷ್ಟು, ಭಾರ ಇಷ್ಟು ಅಂದರೆ ಟೈರಿನ ಬಲ ಎಷ್ಟು ಅಂತ ಅದು ಹೇಳುತ್ತದೆ. ಅದರ ಹೆಸರೇ ಮ್ಯಾಜಿಕ್ ಫಾರ್ಮುಲಾ. ರಬ್ಬರಿನೊಳಗೆ ಏನು ನಡೆಯುತ್ತದೆ ಅನ್ನುವ ಗೊಡವೆಗೆ ಅದು ಹೋಗುವುದಿಲ್ಲ. ಪರೀಕ್ಷಾ ಯಂತ್ರದಲ್ಲಿ ಟೈರನ್ನು ಉರುಳಿಸಿ ಅಳೆದ ಅಂಕಿಗಳಿಗೆ ಸರಿಯಾಗಿ ಕೂರುವ ಒಂದು ಗೆರೆ ಎಳೆದು ಕೊಡುತ್ತದೆ. ಕಾರು ಕಂಪನಿಗಳೂ ಅದನ್ನು ಬಳಸುತ್ತವೆ, ಎಷ್ಟೋ ಗೇಮುಗಳೂ ಅದನ್ನೋ ಅದರ ತಮ್ಮಂದಿರನ್ನೋ ಬಳಸಿವೆ. ಹಾಗಾಗಿ "ಅದೇ ಫಿಸಿಕ್ಸು" ಅನ್ನುವ ಗೇಮಿನವರ ಮಾತು ಸುಮ್ನೆ ಜಂಬ ಅಲ್ಲ.

ಆದರೆ ಸೂತ್ರ ಇದ್ದರೆ ಸಾಲದು, ಅದನ್ನು ಎಷ್ಟು ಬೇಗ ಬೇಗ ಲೆಕ್ಕ ಹಾಕುತ್ತೀರಿ ಅನ್ನೋದೂ ಮುಖ್ಯ. ಗಂಟೆಗೆ 250 ಕಿಮೀ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 69 ಮೀಟರ್ ಹೋಗುತ್ತದೆ. ಪರದೆಯ ಮೇಲೆ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ ಅಂದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಕಾರು ಸುಮಾರು 1.16 ಮೀಟರ್ ಮುಂದೆ ಹೋಗಿರುತ್ತದೆ. ಟೈರಿನ ಲೆಕ್ಕವೂ ಅದೇ ವೇಗದಲ್ಲಿ ನಡೆದರೆ ತಿರುವಿನ ಅಂಚಿನ ಕರ್ಬ್ ಕಲ್ಲುಗಳ ಏರಿಳಿತ ಲೆಕ್ಕಕ್ಕೆ ಸಿಗದೆ ಹಾರಿಹೋಗುತ್ತದೆ. ಅದಕ್ಕೇ ಸಿಮ್‌ಗಳು, ಅಂದರೆ ಸಿಮ್ಯುಲೇಟರ್ ಗೇಮುಗಳು, ಫಿಸಿಕ್ಸನ್ನು ಚಿತ್ರಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುತ್ತವೆ. ಐರೇಸಿಂಗ್‌ನಲ್ಲಿ ಸೆಕೆಂಡಿಗೆ 360 ಸಲ, ಅಸೆಟ್ಟೊ ಕೋರ್ಸಾದಲ್ಲಿ 333 ಸಲ. 360 ಅಂದರೆ ಅದೇ ವೇಗದಲ್ಲಿ ಪ್ರತಿ 19 ಸೆಂಟಿಮೀಟರಿಗೆ ಒಂದು ಲೆಕ್ಕ. ಟ್ರ್ಯಾಕನ್ನೂ ಈಗ ಕಣ್ಣಂದಾಜಿನಲ್ಲಿ ಬಿಡಿಸುವುದಿಲ್ಲ. ಲೇಸರ್ ಸ್ಕ್ಯಾನರ್ ತಗೊಂಡು ಹೋಗಿ ಡಾಂಬರಿನ ಉಬ್ಬುತಗ್ಗು ಸಮೇತ ಅಳೆದು ತರುತ್ತಾರೆ. ಜರ್ಮನಿಯ 20.8 ಕಿಮೀ ಉದ್ದದ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆ ಟ್ರ್ಯಾಕನ್ನು ಹೀಗೆ ಅಳೆಯಲು ಎಂಥ ತಾಳ್ಮೆ ಬೇಕು, ಯೋಚಿಸಿ.

ಕೈಗೆ ಬರುವ ಸುದ್ದಿ

ಗೇಮಿನ ಸ್ಟೀರಿಂಗ್ ಚಕ್ರದೊಳಗೆ ಒಂದು ಮೋಟಾರು ಇರುತ್ತದೆ. ಅದು ನಿಮ್ಮ ಕೈಯನ್ನು ಎಳೆಯುತ್ತದೆ, ತಳ್ಳುತ್ತದೆ. ತುಂಬಾ ಜನ ಇದನ್ನು ಬರೀ ನಡುಕ ಅಂದುಕೊಂಡಿದ್ದಾರೆ. ಅದರ ಅಸಲಿ ಕೆಲಸ ಬೇರೆ.

ಓಡುತ್ತಿರುವ ಟೈರಿನಲ್ಲಿ ಪಕ್ಕದ ಬಲ ನೆಲಕ್ಕೆ ತಾಗಿದ ಜಾಗದ ನಟ್ಟನಡುವೆ ಹುಟ್ಟುವುದಿಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ ಹುಟ್ಟುತ್ತದೆ. ಹಾಗಾಗಿ ಆ ಬಲ ಚಕ್ರವನ್ನು ಮತ್ತೆ ನೇರ ಮಾಡಲು ತಿರುಚುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಭಾರ ಅನ್ನಿಸುವುದಕ್ಕೆ ಇದೊಂದು ದೊಡ್ಡ ಕಾರಣ. ಈಗ ಮುಖ್ಯ ಸಂಗತಿ. ಸ್ಲಿಪ್ ಆ್ಯಂಗಲ್ ಹೆಚ್ಚಿದಂತೆ ಟೈರಿನ ಹಿಂಭಾಗ ಮೊದಲು ಜಾರಲು ಶುರು ಮಾಡುತ್ತದೆ, ಬಲ ಹುಟ್ಟುವ ಜಾಗ ನಡುವಿಗೆ ಸರಿಯುತ್ತದೆ. ಒಟ್ಟು ಹಿಡಿತ ಇನ್ನೂ ಏರುತ್ತಿರುವಾಗಲೇ ಸ್ಟೀರಿಂಗ್ ಹಗುರಾಗುತ್ತದೆ. ಅಂದರೆ ಟೈರು ಕೈಬಿಡುವ ಮೊದಲೇ "ಇನ್ನು ಸಾಕು" ಅಂತ ಕೈಗೆ ಹೇಳಿರುತ್ತದೆ. ಈ ಹಗುರಾಗುವ ಗಳಿಗೆಯನ್ನು ಹಿಡಿಯಲು ಕಲಿತವರು ವೇಗವಾಗಿ ಓಡಿಸುತ್ತಾರೆ. ಅದು ಗೊತ್ತಾಗದವರು ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಿ, ಟೈರಿನಿಂದ ಕಿರುಚಿಸಿ, ಹೊರಗೆ ಹೋಗುತ್ತಾರೆ.

ತಮಾಷೆ ಅಂದರೆ ಈ ಸುದ್ದಿ ಹೊಸ ಕಾರುಗಳಲ್ಲಿ ಮಂಕಾಗಿದೆ. ಪವರ್ ಸ್ಟೀರಿಂಗು ಹೈಡ್ರಾಲಿಕ್‌ನಿಂದ ಎಲೆಕ್ಟ್ರಿಕ್‌ಗೆ ಬದಲಾದಾಗ ಇಂಧನ ಉಳಿಯಿತು, ಕೈಗೆ ಬರುವ ಸೂಕ್ಷ್ಮ ಕಡಿಮೆಯಾಯಿತು. 2011ರಲ್ಲಿ ಪೋರ್ಷೆ 911ರ 991 ಪೀಳಿಗೆಯಲ್ಲಿ ಎಲೆಕ್ಟ್ರಿಕ್ ಸ್ಟೀರಿಂಗ್ ಬಂದಾಗ ಅಭಿಮಾನಿಗಳು ಹಾಕಿದ ಗಲಾಟೆ ಸಣ್ಣದಲ್ಲ. ಹೊಸ ರಸ್ತೆ ಕಾರಿಗಿಂತ ಒಳ್ಳೆಯ ಗೇಮ್ ಚಕ್ರವೇ ಮುಂದಿನ ಟೈರಿನ ಬಗ್ಗೆ ಜಾಸ್ತಿ ಹೇಳುತ್ತದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹೇಳಲು ಮೋಟಾರು ಇದೆ, ಮುಚ್ಚಿಡಲು ನಡುವೆ ಕೂತು ಅದುರನ್ನು ನುಂಗುವ ರಬ್ಬರ್ ಬುಷ್‌ಗಳಿಲ್ಲ.

ಅಗ್ಗದ ಗೇಮ್ ಚಕ್ರಗಳು ಗೇರಿನವು, ತಿರುಚುವ ಬಲ ಸುಮಾರು 2 ನ್ಯೂಟನ್ ಮೀಟರ್. ಮೋಟಾರಿಗೇ ನೇರವಾಗಿ ಚಕ್ರ ಕೂರಿಸಿದ ಡೈರೆಕ್ಟ್ ಡ್ರೈವ್‌ಗಳಲ್ಲಿ 5ರಿಂದ 25ರವರೆಗೂ ಸಿಗುತ್ತದೆ. ಎಲ್ಲರೂ ಮೊದಲು ದುಡ್ಡು ಸುರಿಯುವುದು ಇಲ್ಲೇ. ನಾನಾದರೆ ಮೊದಲು ಪೆಡಲ್ ಬದಲಿಸಿ ಅನ್ನುತ್ತೇನೆ. ಸಾಮಾನ್ಯ ಗೇಮ್ ಪೆಡಲ್ ಎಷ್ಟು ದೂರ ಇಳಿಯಿತು ಅಂತ ಅಳೆಯುತ್ತದೆ. ನಿಜವಾದ ಕಾರಿನ ಬ್ರೇಕು ಹೆಚ್ಚಾಗಿ ನೀವು ಎಷ್ಟು ಬಲ ಹಾಕಿದಿರಿ ಅನ್ನೋದರ ಮೇಲೆ ನಡೆಯುತ್ತದೆ. ಲೋಡ್ ಸೆಲ್ ಇರುವ ಪೆಡಲ್ ಆ ಬಲವನ್ನೇ ಅಳೆಯುತ್ತದೆ. ಕಾಲಿಗೆ ದೂರ ನೆನಪಿರುವುದಕ್ಕಿಂತ ಬಲ ಚೆನ್ನಾಗಿ ನೆನಪಿರುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಅದೇ ರೀತಿ ಬ್ರೇಕ್ ಹಾಕಲು ಬೇಕಾದದ್ದು ಅದೇ.

ಕಣ್ಣಿನದು ಚಿಕ್ಕ ವಿಷಯ, ಖರ್ಚೂ ಇಲ್ಲ. ಪರದೆಯ ಅಗಲ 60 ಸೆಂಟಿಮೀಟರ್, ನಿಮ್ಮ ಕಣ್ಣಿನಿಂದ ದೂರವೂ 60 ಅಂದರೆ ಆ ಕಿಟಕಿಯಿಂದ ನಿಜಕ್ಕೂ ಕಾಣಬೇಕಾದದ್ದು ಸುಮಾರು 53 ಡಿಗ್ರಿ ಅಗಲದ ನೋಟ. ಗೇಮಿನಲ್ಲಿ ಅದನ್ನು 90 ಅಂತ ಇಟ್ಟುಕೊಂಡರೆ ವೇಗ ಜಾಸ್ತಿ ಅನ್ನಿಸುತ್ತದೆ, ತಿರುವುಗಳು ದೂರ ಕಾಣುತ್ತವೆ, ಬ್ರೇಕಿನ ಅಂದಾಜು ಕೈಕೊಡುತ್ತದೆ. ಸರಿ ಮಾಡಿದ ಮೊದಲ ದಿನ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗೆ ಅನ್ನಿಸುತ್ತದೆ. ಸಹಿಸಿಕೊಳ್ಳಿ.

ಕುರ್ಚಿ ಅಲ್ಲಾಡುವುದಿಲ್ಲ

ಈಗ ಕಾರಿನವರ ಅರ್ಧಕ್ಕೆ ಬರೋಣ. ನಿಜವಾದ ಕಾರಿನಲ್ಲಿ ಬಾಲ ಜಾರುತ್ತಿದೆ ಅಂತ ಮೊದಲು ಹೇಳುವುದು ಕೈಯೂ ಅಲ್ಲ, ಕಣ್ಣೂ ಅಲ್ಲ. ಸೀಟಿಗೆ ಒತ್ತಿಕೊಂಡಿರುವ ಸೊಂಟ ಮತ್ತು ಕಿವಿಯೊಳಗಿನ ಸಮತೋಲನದ ಅಂಗ. ಗೇಮಿನಲ್ಲಿ ಈ ಎರಡಕ್ಕೂ ಸುದ್ದಿಯೇ ಇಲ್ಲ. ಹಾಗಾಗಿ ಗೇಮ್ ಆಡುವವರು ಬಾಲದ ಜಾರನ್ನು ಕಣ್ಣಿನಿಂದ ಓದಲು ಕಲಿಯುತ್ತಾರೆ, ಸ್ವಲ್ಪ ತಡವಾಗಿ. ಅದೇ ಕಾರಣಕ್ಕೆ, ನಿಜವಾದ ಟ್ರ್ಯಾಕಿನಲ್ಲಿ ಓಡಿಸಿ ಅಭ್ಯಾಸವಿದ್ದವರು ಸಿಮ್‌ನಲ್ಲಿ ಕೂತಾಗ ಮೊದಲ ತಿರುವಿನಲ್ಲೇ ಗಿರಕಿ ಹೊಡೆಯುವುದುಂಟು. ಅವರ ದೇಹ ಕಾಯುತ್ತಿರುವ ಸುದ್ದಿ ಬರುವುದೇ ಇಲ್ಲ. ವಿಆರ್ ಕನ್ನಡಕ ಹಾಕಿದರೆ ಇನ್ನೊಂದು ತೊಂದರೆ. ಕಣ್ಣು "ಓಡುತ್ತಿದ್ದೇವೆ" ಅನ್ನುತ್ತದೆ, ಕಿವಿ "ಕೂತಲ್ಲೇ ಇದ್ದೇವೆ" ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ.

ಬಲದ ಪ್ರಮಾಣವೂ ಸಣ್ಣದಲ್ಲ. ಒಳ್ಳೆಯ ರಸ್ತೆ ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ಸುಮಾರು 1 ಜಿ ಕೊಡುತ್ತದೆ. ಅಂದರೆ ನಿಮ್ಮ ತೂಕದಷ್ಟೇ ಬಲ ಪಕ್ಕಕ್ಕೆ ಎಳೆಯುತ್ತದೆ. ಫಾರ್ಮುಲಾ ಒನ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ 5 ಜಿವರೆಗೂ ಹೋಗುತ್ತದೆ. ಕುತ್ತಿಗೆಗೆ ಅಷ್ಟು ಬಲ ಬೀಳುವಾಗ, ಮೈಯೆಲ್ಲಾ ಬೆವರುವಾಗ, ಕಾಲನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುವುದನ್ನು ಯಾವ ಗೇಮೂ ಕಲಿಸುವುದಿಲ್ಲ.

ಮತ್ತೆ ಭಯ. ಗೇಮಿನಲ್ಲಿ ಗೋಡೆಗೆ ಗುದ್ದಿದರೆ ಒಂದು ಬಟನ್ ಸಾಕು.

ಆದರೂ ದಾಟಿದವರಿದ್ದಾರೆ. ನಿಸ್ಸಾನ್ ಕಾರು ಕಂಪನಿ ಮತ್ತು ಗ್ರಾನ್ ಟುರಿಸ್ಮೊ ಅನ್ನುವ ರೇಸಿಂಗ್ ಗೇಮಿನ ತಯಾರಕರು ಸೇರಿ 2008ರಲ್ಲಿ ಜಿಟಿ ಅಕಾಡೆಮಿ ಶುರು ಮಾಡಿದರು. ಗೇಮಿನಲ್ಲಿ ಗೆದ್ದವರಿಗೆ ನಿಜವಾದ ರೇಸ್ ಕಾರಿನ ತರಬೇತಿ. ಮೊದಲ ವಿಜೇತ ಸ್ಪೇನಿನ ಲುಕಾಸ್ ಒರ್ಡೋನ್ಯೆಸ್ 2011ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ತಮ್ಮ ವಿಭಾಗದಲ್ಲಿ ತಂಡದ ಜೊತೆ ಎರಡನೇ ಸ್ಥಾನ ಪಡೆದರು. 2011ರಲ್ಲಿ ಅಕಾಡೆಮಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ 2013ರಲ್ಲಿ ಅದೇ ರೇಸಿನ ಅದೇ ವಿಭಾಗದಲ್ಲಿ ಮೂರನೆಯವರು. ಅಮೆರಿಕದ ವಿಲಿಯಂ ಬೈರನ್ ಹುಡುಗನಾಗಿದ್ದಾಗ ಐರೇಸಿಂಗ್‌ನಲ್ಲಿ ಕಲಿತು ಅಲ್ಲಿನ ನಾಸ್ಕಾರ್ ರೇಸ್ ಸರಣಿಗೆ ಹೋದವರು. 2024 ಮತ್ತು 2025, ಎರಡು ವರ್ಷ ಸತತವಾಗಿ ಆ ಸರಣಿಯ ದೊಡ್ಡ ರೇಸಾದ ಡೇಟೋನಾ 500 ಗೆದ್ದರು.

ಇವರೆಲ್ಲ ಗೇಮಿನಿಂದ ತಗೊಂಡು ಹೋದದ್ದು ಏನು? ಟ್ರ್ಯಾಕಿನ ನಕ್ಷೆ, ಬ್ರೇಕ್ ಹಾಕುವ ಜಾಗ, ದೂರ ನೋಡುವ ಅಭ್ಯಾಸ, ಬೇರೆ ಕಾರಿನ ಪಕ್ಕದಲ್ಲೇ ಓಡಿಸುವ ಧೈರ್ಯ, ಒಂದೇ ಕೆಲಸವನ್ನು ಸಾವಿರ ಸಲ ಒಂದೇ ರೀತಿ ಮಾಡುವ ಶಿಸ್ತು. ಉಳಿದದ್ದನ್ನು ನಿಜವಾದ ಕಾರಿನಲ್ಲೇ ಕಲಿತರು. ಅಲ್ಲಿ ಬೆಲೆಯೂ ನಿಜವಾದದ್ದು. 2015ರಲ್ಲಿ ನಾರ್ಡ್‌ಶ್ಲೈಫೆಯ ಒಂದು ದಿಬ್ಬದ ಮೇಲೆ ಮಾರ್ಡನ್‌ಬರೋ ಕಾರಿನ ಮೂತಿಯಡಿ ಗಾಳಿ ನುಗ್ಗಿ ಕಾರು ಮೇಲೆದ್ದು ಬೇಲಿಯಾಚೆ ಬಿತ್ತು. ಒಬ್ಬ ಪ್ರೇಕ್ಷಕ ತೀರಿಕೊಂಡರು.

ದಾರಿ ಆ ಕಡೆಯಿಂದಲೂ ಇದೆ. ಮ್ಯಾಕ್ಸ್ ವರ್ಸ್ಟಾಪನ್ 2024ರ ಮೇ ತಿಂಗಳಲ್ಲಿ ಇಮೋಲಾದ ಫಾರ್ಮುಲಾ ಒನ್ ರೇಸ್ ಗೆದ್ದ ವಾರಾಂತ್ಯದಲ್ಲೇ ತಮ್ಮ ತಂಡದ ಜೊತೆ ಐರೇಸಿಂಗ್‌ನ ನ್ಯೂರ್ಬರ್ಗ್‌ರಿಂಗ್ 24 ಗಂಟೆ ರೇಸನ್ನೂ ಗೆದ್ದರು. 2025ರಲ್ಲಿ ನಿಜವಾದ ನಾರ್ಡ್‌ಶ್ಲೈಫೆಗೆ ರೇಸ್ ಮಾಡಲು ಹೋದಾಗ ವಿಶ್ವ ಚಾಂಪಿಯನ್ನರಾದರೂ ಎಲ್ಲರಂತೆ ಮೊದಲು ಕಡಿಮೆ ಶಕ್ತಿಯ ಕಾರು ಓಡಿಸಿ ಪರ್ಮಿಟ್ ಪಡೆಯಬೇಕಾಯಿತು. ಆಮೇಲೆ ಫೆರಾರಿ ಜಿಟಿ3 ಕಾರಿನಲ್ಲಿ ಗೆದ್ದರು. ಆ ಪರ್ಮಿಟ್ ನಿಯಮ ನನಗೆ ತುಂಬಾ ಇಷ್ಟ.

ಗೇಮು ಕಾರನ್ನು ಬದಲಿಸಿದ್ದು, ಲೈಸೆನ್ಸು ಗೇಮನ್ನು ಬದಲಿಸಿದ್ದು

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮೊದಲ ಗ್ರಾನ್ ಟುರಿಸ್ಮೊ ಬಂತು. ಕಝುನೋರಿ ಯಾಮಾಉಚಿ ಮತ್ತು ತಂಡದ ಸುಮಾರು 5 ವರ್ಷಗಳ ದುಡಿಮೆ, ಕೋಟಿಗೂ ಹೆಚ್ಚು ಪ್ರತಿಗಳ ಮಾರಾಟ. ಅಮೆರಿಕದಲ್ಲಿ ಮಾರಾಟಕ್ಕೇ ಇಲ್ಲದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಅಲ್ಲಿನ ಹುಡುಗರ ಕನಸಿನ ಕಾರಾಗುವುದರಲ್ಲಿ ಈ ಗೇಮಿನ ಪಾಲು ದೊಡ್ಡದು. ಅಂಥ ಕಾರು 25 ವರ್ಷ ಹಳೆಯದಾಗುವವರೆಗೆ ಅಲ್ಲಿನ ಸುರಕ್ಷತಾ ನಿಯಮ ಆಮದಿಗೆ ಬಿಡುವುದಿಲ್ಲ. 1999ರ ಆರ್34 ಮಾದರಿಯ ಸ್ಕೈಲೈನ್‌ಗಳಿಗೆ ದಾರಿ ತೆರೆದದ್ದು 2024ರಲ್ಲಿ. ಅಷ್ಟು ಹೊತ್ತಿಗೆ ಗೇಮ್ ಆಡಿದ ಹುಡುಗರ ಕೈಯಲ್ಲಿ ದುಡ್ಡೂ ಇತ್ತು, ಬೆಲೆಯೂ ಗಗನಕ್ಕೇರಿತ್ತು. 2007ರ ನಿಸ್ಸಾನ್ ಜಿಟಿ-ಆರ್ ಆರ್35ರ ಡ್ಯಾಶ್‌ಬೋರ್ಡಿನಲ್ಲಿ ಜಿ ಬಲ, ಎಣ್ಣೆಯ ಬಿಸಿ ಎಲ್ಲಾ ತೋರಿಸುವ ಪರದೆ ಇದೆಯಲ್ಲ, ಅದನ್ನು ವಿನ್ಯಾಸ ಮಾಡಿದ್ದೇ ಗ್ರಾನ್ ಟುರಿಸ್ಮೊ ಮಾಡುವ ಪಾಲಿಫೋನಿ ಡಿಜಿಟಲ್.

ಈಗ ಲೈಸೆನ್ಸು. ಗೇಮಿನಲ್ಲಿ ಕಾರಿನ ಹೆಸರು, ಲೋಗೊ, ಆಕಾರ ಬಳಸಲು ಕಾರು ಕಂಪನಿಯ ಒಪ್ಪಿಗೆ ಬೇಕು. 2000ದಿಂದ 2016ರವರೆಗೆ ಪೋರ್ಷೆಯ ಒಪ್ಪಿಗೆ ಇಎ ಅನ್ನುವ ಗೇಮ್ ಕಂಪನಿಯ ಕೈಯಲ್ಲಿತ್ತು. ಉಳಿದವರು ಇಎಯನ್ನು ಕೇಳಿ ಪಡೆಯಬೇಕಿತ್ತು, ಇಲ್ಲವೇ ಬೇರೆ ದಾರಿ ಹುಡುಕಬೇಕಿತ್ತು. ಆ ದಾರಿಯ ಹೆಸರು ರೂಫ್. ಪೋರ್ಷೆ ಬಾಡಿ ತಗೊಂಡು ತನ್ನದೇ ಕಾರು ಕಟ್ಟುವ ಜರ್ಮನಿಯ ಸಣ್ಣ ಕಂಪನಿ ಅದು. ಅಲ್ಲಿನ ಸರ್ಕಾರ ಅದನ್ನು ಪ್ರತ್ಯೇಕ ತಯಾರಕ ಅಂತಲೇ ಗುರುತಿಸಿದೆ. ಗೇಮ್ ಆಡುವವರ ಒಂದು ಇಡೀ ತಲೆಮಾರು 911 ಓಡಿಸಿದ್ದು ರೂಫ್ ಹೆಸರಿನಲ್ಲಿ. ತಮ್ಮ ಕಾರು ಜಜ್ಜಿಹೋಗುವುದನ್ನು ತೋರಿಸಲು ಕಂಪನಿಗಳಿಗೆ ಇಷ್ಟವಿರುವುದಿಲ್ಲ. ಲೋಹ ಮಡಚುವುದನ್ನು ಅತಿ ಚೆನ್ನಾಗಿ ತೋರಿಸುವ ಬೀಮ್‌ಎನ್‌ಜಿ ಗೇಮಿನ ಕಾರುಗಳೆಲ್ಲ ಕಲ್ಪಿತ ಹೆಸರಿನವು.

ಲೈಸೆನ್ಸಿಗೆ ಅವಧಿಯೂ ಇರುತ್ತದೆ. ಫೋರ್ಝಾ ಹೊರೈಝನ್ 4 ಬಂದದ್ದು 2018ರಲ್ಲಿ, ಅಂಗಡಿಯಿಂದ ತೆಗೆದದ್ದು 2024ರ ಡಿಸೆಂಬರಿನಲ್ಲಿ. ಕೊಂಡವರು ಆಡಬಹುದು, ಹೊಸಬರು ಡಿಜಿಟಲ್ ಪ್ರತಿ ಕೊಳ್ಳುವಂತಿಲ್ಲ. ದಿ ಕ್ರೂ ಗೇಮಿನ ಗತಿ ಇನ್ನೂ ಕೆಟ್ಟದ್ದು. 2024ರಲ್ಲಿ ಸರ್ವರ್ ನಿಲ್ಲಿಸಿದ ಮೇಲೆ ದುಡ್ಡು ಕೊಟ್ಟು ಕೊಂಡವರಿಗೂ ಅದು ತೆರೆಯಲಿಲ್ಲ. 60 ವರ್ಷ ಹಳೆಯ ಕಾರನ್ನು ಬಿಡಿಭಾಗ ಹುಡುಕಿಯೋ ಹೊಸದಾಗಿ ಮಾಡಿಸಿಯೋ ಓಡಿಸಬಹುದು. 10 ವರ್ಷದ ಗೇಮಿಗೆ ಆ ಭಾಗ್ಯ ಇಲ್ಲ. ನನ್ನ ಎರಡು ಹುಚ್ಚುಗಳಲ್ಲಿ ಯಾವುದು ಜಾಸ್ತಿ ನಾಜೂಕು ಅಂತ ಯಾರಾದರೂ ಕೇಳಿದರೆ ನಾನು ಗೇಮಿನ ಕಡೆ ಕೈ ತೋರಿಸುತ್ತೇನೆ.

ಇದನ್ನೆಲ್ಲ ಕೈಯಾರೆ ನೋಡಬೇಕು ಅನ್ನುವವರು ಸಿಮ್‌ನಲ್ಲಿ ಹೈಪರ್‌ಕಾರಿಗೆ ಹೋಗಬೇಡಿ. ಅಲ್ಲಿ ಎಲ್ಲವೂ ಎಷ್ಟು ಬೇಗ ನಡೆಯುತ್ತದೆ ಅಂದರೆ ಏನೂ ಅರ್ಥವಾಗುವುದಿಲ್ಲ. ಮಾಜ್ದಾ ಎಮ್‌ಎಕ್ಸ್-5 ತಗೊಳ್ಳಿ. ಹಗುರ ಕಾರು, ಕಡಿಮೆ ಶಕ್ತಿ, ಹಿಂದಿನ ಚಕ್ರಕ್ಕೆ ಚಾಲನೆ. ಜಾರು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲು, ಸ್ಟೆಬಿಲಿಟಿ ಕಂಟ್ರೋಲು ಎಲ್ಲಾ ಆಫ್ ಮಾಡಿ. ಎರಡನೇ ಗೇರಿನ ಒಂದೇ ತಿರುವನ್ನು ಹಿಡಿದುಕೊಂಡು ಮೂರು ರೀತಿ ಹೋಗಿ. ಮೊದಲು, ಬ್ರೇಕನ್ನು ನೇರದಲ್ಲೇ ಪೂರ್ತಿ ಬಿಟ್ಟು ತಿರುಗಿ, ಮೂತಿ ಸ್ವಲ್ಪ ಹೊರಗೆ ತಳ್ಳುತ್ತದೆ. ಆಮೇಲೆ, ಬ್ರೇಕನ್ನು ತಿರುವಿನೊಳಗೆ ನಿಧಾನವಾಗಿ ಬಿಡುತ್ತಾ ತಿರುಗಿ, ಮೂತಿ ಒಳಗೆ ಕಚ್ಚಿಕೊಳ್ಳುತ್ತದೆ. ಕೊನೆಗೆ, ತಿರುವಿನ ನಡುವೆ ಬೇಕೆಂದೇ ಆಕ್ಸಿಲರೇಟರಿನಿಂದ ಕಾಲೆತ್ತಿ ಬಾಲ ಏನು ಮಾಡುತ್ತದೆ ನೋಡಿ. ನಿಜವಾದ ಕಾರಿನಲ್ಲಿ ಇದನ್ನು ರಸ್ತೆಯಲ್ಲಿ ಖಂಡಿತ ಮಾಡಬೇಡಿ, ತರಬೇತುದಾರರಿರುವ ಟ್ರ್ಯಾಕಿಗೆ ಹೋಗಿ. ಅಲ್ಲಿ ಹೋದ ದಿನ ಕೈ ಏನು ಹೇಳುತ್ತದೆ ಅನ್ನೋದು ನಿಮಗೆ ಮೊದಲೇ ಗೊತ್ತಿರುತ್ತದೆ. ಸೊಂಟ ಹೇಳುವುದನ್ನು ಮಾತ್ರ ಗಮನವಿಟ್ಟು ಕೇಳಿಸಿಕೊಂಡರೆ ಸಾಕು.